ಹಿಮದೂರಿನಲ್ಲಿ ಮೆಣಸಿನ ಸಸಿ: ಓವನ್ನೋ, ಕಿಟಕಿಯೋ, ಹೀಟ್ ಮ್ಯಾಟೋ?

ಬೇಸಿಗೆ ಬಂದಮೇಲೆ ಅಮೆರಿಕದ ಮಿನಿಯಾಪೊಲಿಸ್‌ನ ಹಿತ್ತಲಲ್ಲಿ ಮೆಣಸಿನಕಾಯಿ ಬೆಳೆಯುವುದು ದೊಡ್ಡ ವಿದ್ಯೆಯೇನಲ್ಲ. ಜೂನ್ ಹೊತ್ತಿಗೆ ದಿನಕ್ಕೆ ಹದಿನೈದು ತಾಸು ಬೆಳಕು, ಒಳ್ಳೆಯ ಕಪ್ಪು ಮಣ್ಣು, ನಲ್ಲಿ ತಿರುಗಿಸಿದರೆ ನೀರು. ಪೇಚಾಟವೆಲ್ಲ ಅದಕ್ಕೆ ಮುಂಚಿನ ಮೂರು ತಿಂಗಳದ್ದು. ಇಲ್ಲಿ ಕೊನೆಯ ಫ್ರಾಸ್ಟ್, ಅಂದರೆ ರಾತ್ರಿ ಎಲೆ ನೆಲದ ಮೇಲೆ ಹೆಪ್ಪುಗಟ್ಟುವ ಮಂಜು, ಸಾಮಾನ್ಯವಾಗಿ ಮೇ ಮೊದಲರ್ಧದಲ್ಲಿ ಮುಗಿಯುತ್ತದೆ. ಆದರೆ ರಾತ್ರಿಯ ಚಳಿ ಮೆಣಸಿನ ಗಿಡಕ್ಕೆ ತಡೆಯುವಷ್ಟು ಕಮ್ಮಿಯಾಗಬೇಕಾದರೆ ಮೇ ಕೊನೆಯ ಮೆಮೋರಿಯಲ್ ಡೇ ರಜೆ ಬರಬೇಕು. ಅತ್ತ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಮತ್ತೆ ಫ್ರಾಸ್ಟ್ ಬಿದ್ದು ಒಂದೇ ರಾತ್ರಿಯಲ್ಲಿ ಗಿಡ ಕರಕಲಾಗುತ್ತದೆ. ನಡುವೆ ಕೈಗೆ ಸಿಗುವುದು ನಾಲ್ಕು ತಿಂಗಳು. ಹಾವೇರಿ ಕಡೆ ಮುಂಗಾರಿನಲ್ಲಿ ನಾಟಿ ಮಾಡಿದ ಬ್ಯಾಡಗಿ ಕೆಂಪಾಗಿ ಕೈಗೆ ಬರುವುದು ಜನವರಿಯ ಹೊತ್ತಿಗೆ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಹೊರಗೆ ಮೈನಸ್ 20 ಇರುವಾಗಲೇ ಮನೆಯೊಳಗೆ ಬೀಜ ಹಾಕಿ ಸಸಿ ಸಾಕಬೇಕು.

ಇದಕ್ಕೆ ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಾರೆ. ಅವುಗಳಲ್ಲಿ ಮುಖ್ಯವಾದವನ್ನೆಲ್ಲ ಕೆಲವು ಚಳಿಗಾಲಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಎಲ್ಲವೂ ಒಂದೇ ತೂಕದವಲ್ಲ. ಮೊಳಕೆ ಒಡೆಯುವವರೆಗೆ ಬೀಜದ ಬುಡಕ್ಕೆ ಬಿಸಿ, ಒಡೆದ ಮರುಕ್ಷಣದಿಂದ ತಲೆಯ ಮೇಲೆ ಬೆಳಕು, ಇವೆರಡರಲ್ಲಿ ಕೈ ಬಿಗಿ ಮಾಡಬಾರದು. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಉಳಿಸಬಹುದು.

ಬೀಜ ಎಲ್ಲಿಂದ?

ಊರಿಂದ ಬರುವಾಗ ಚೀಲದಲ್ಲಿ ಒಂದು ಪೊಟ್ಟಣ ಬೀಜ ಹಾಕಿಕೊಂಡು ಬರುವ ಆಸೆ ಎಲ್ಲರಿಗೂ ಇರುತ್ತದೆ. ಬಿತ್ತನೆ ಬೀಜಕ್ಕೆ ಸಸ್ಯಾರೋಗ್ಯ ಪ್ರಮಾಣಪತ್ರ ಇಲ್ಲದಿದ್ದರೆ ಅಮೆರಿಕದ ಕಸ್ಟಮ್ಸ್ ಬಿಡುವುದಿಲ್ಲ, ಅದರಲ್ಲೂ ಟೊಮೆಟೊ, ಮೆಣಸಿನ ಬೀಜದ ಮೇಲೆ ವೈರಸ್ ರೋಗದ ಭಯಕ್ಕೆ ಕಣ್ಣು ಇನ್ನೂ ಹೆಚ್ಚು. ಆ ಗೊಡವೆಯೇ ಬೇಡ. ಇಂಡಿಯನ್ ಅಂಗಡಿಯಲ್ಲಿ ಸಿಗುವ ಒಣ ಬ್ಯಾಡಗಿ ಕಾಯಿ ಮುರಿದು ಬೀಜ ತೆಗೆದರೆ ಸಾಕು. ತಿಳಿ ಹಳದಿ ಬಣ್ಣದ, ದಪ್ಪನೆಯ ಬೀಜ ಆರಿಸಿ, ಕಂದು ತಿರುಗಿದ್ದನ್ನು ಬಿಸಾಡಬೇಕು. ಇಲ್ಲಿನ ಬೀಜದ ಕಂಪನಿಗಳ ಪ್ಯಾಕೆಟ್ಟಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಹುಟ್ಟುತ್ತವೆ, ಅಂಗಡಿ ಕಾಯಿಯ ಬೀಜ ಅರ್ಧ ಹುಟ್ಟಿದರೆ ಪುಣ್ಯ. ಆದರೆ ಪ್ಯಾಕೆಟ್ಟಿನಲ್ಲಿ ಇರುವುದು ಇಪ್ಪತ್ತೈದು ಮೂವತ್ತು ಬೀಜ, ಕಾಲು ಕಿಲೋ ಒಣಕಾಯಿಯಲ್ಲಿ ಸಾವಿರಾರು, ಮೇಲಾಗಿ ಸಿಪ್ಪೆ ಸಾರಿನ ಪುಡಿಗಾಯಿತು. ಒಂದು ಎಚ್ಚರ: ಈಗ ಬ್ಯಾಡಗಿ ಮಾರುಕಟ್ಟೆಗೆ ಹೈಬ್ರಿಡ್ ಕಾಯಿಯೂ ಬರುತ್ತದೆ. ಅದರ ಬೀಜದಿಂದ ಹುಟ್ಟಿದ ಗಿಡಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಬಿಸಿ: ಫ್ರಿಜ್ಜಿನ ತಲೆ, ಹೀಟರ್ ಬಾಯಿ, ಓವನ್, ಹೀಟ್ ಮ್ಯಾಟ್

ಮೆಣಸಿನ ಬೀಜ ಮೊಳೆಯುವುದು ಮಣ್ಣಿನ ಉಷ್ಣತೆಯ ಮೇಲೆ ನಿಂತಿದೆ. ತೋಟಗಾರಿಕೆಯವರು ಬಹಳ ಕಾಲದಿಂದ ಬಳಸುವ ಕೋಷ್ಟಕವೊಂದಿದೆ: ಮಣ್ಣು 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಸಿ ಮೇಲೆ ಕಾಣಲು ಸುಮಾರು 25 ದಿನ, 20 ಇದ್ದರೆ 12–13, 25 ಇದ್ದರೆ 8–9, 30ರಲ್ಲಿ 7–8. 35ಕ್ಕೆ ಮತ್ತೆ ನಿಧಾನ, 40ರಲ್ಲಿ ಏನೂ ಹುಟ್ಟುವುದಿಲ್ಲ. ಚಳಿಗಾಲದಲ್ಲಿ ಇಲ್ಲಿನ ಮನೆಗಳ ಒಳಗೆ ಗಾಳಿ 20 ಇರುತ್ತದೆ. ಆದರೆ ಒದ್ದೆ ಮಣ್ಣು ಆರುತ್ತ ಆರುತ್ತ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗೇ ಇರುತ್ತದೆ, ಕಿಟಕಿಯ ಪಕ್ಕವಾದರೆ ಕೇಳುವುದೇ ಬೇಡ. ಬೀಜ ಅಷ್ಟು ದಿನ ತಣ್ಣನೆಯ ಒದ್ದೆಯಲ್ಲಿ ಕೂತರೆ ಮೊಳೆಯುವ ಮುಂಚೆ ಕೊಳೆಯುತ್ತದೆ. ಚಳಿ ಪ್ರದೇಶದಲ್ಲಿ "ಬೀಜ ಸರಿ ಇರಲಿಲ್ಲ" ಎಂಬ ದೂರುಗಳಲ್ಲಿ ಬಹುಪಾಲು ಇದೇ ಎಂದು ನನ್ನ ಅಂದಾಜು.

ಫ್ರಿಜ್ಜಿನ ತಲೆಯ ಮೇಲಿಡಿ ಎನ್ನುವುದು ಹಳೆಯ ಸಲಹೆ. ಈಗಿನ ಫ್ರಿಜ್ಜುಗಳು ಬಿಸಿಯನ್ನು ಕೆಳಗಿನಿಂದಲೋ ಹಿಂದಿನಿಂದಲೋ ಬಿಡುತ್ತವೆ. ಥರ್ಮಾಮೀಟರ್ ಇಟ್ಟರೆ ಮೇಲಿನದು ಕೋಣೆಯಷ್ಟೇ. ಹೀಟರ್ ಗಾಳಿ ಬರುವ ನೆಲದ ಜಾಲರಿಯ ಹತ್ತಿರ ಇಟ್ಟರೆ ಬಿಸಿ ಸಿಗುತ್ತದೆ ನಿಜ, ಆದರೆ ಆ ಒಣಗಾಳಿಗೆ ಮಧ್ಯಾಹ್ನದೊಳಗೆ ಟ್ರೇಯ ಮಣ್ಣು ಬಿರುಕು ಬಿಟ್ಟಿರುತ್ತದೆ. ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿ.

ಓವನ್ ವಿಷಯ ಬೇರೆ. ದೋಸೆ ಹಿಟ್ಟು ಉಬ್ಬಲೆಂದು ಓವನ್ನಿನ ದೀಪ ಹಚ್ಚಿ ಒಳಗಿಡುವುದು ಇಲ್ಲಿರುವ ಕನ್ನಡದವರಿಗೆಲ್ಲ ಗೊತ್ತು. ಹಿಟ್ಟಿಗೆ ಬೇಕಾದ ಬೆಚ್ಚಗೆಯೇ ಬೀಜಕ್ಕೂ ಬೇಕಾದದ್ದು. ಬಾಗಿಲು ಮುಚ್ಚಿ ದೀಪ ಮಾತ್ರ ಉರಿಸಿದರೆ ನಮ್ಮ ಓವನ್ನಿನೊಳಗೆ 28ರಿಂದ 32ರ ನಡುವೆ ನಿಲ್ಲುತ್ತದೆ. ಮೊಳಕೆಯೊಡೆಯಲು ಬೆಳಕು ಬೇಕಿಲ್ಲದ್ದರಿಂದ ಕತ್ತಲು ಬೆಳಕಿನ ಚಿಂತೆಯಿಲ್ಲ. ಬ್ಯಾಡಗಿ ಬೀಜ ಒಂದು ವಾರದ ಆಸುಪಾಸಿನಲ್ಲಿ ಬಾಲ ಹೊರಹಾಕುತ್ತದೆ, ಖರ್ಚು ಶೂನ್ಯ. ತೊಂದರೆ ಎರಡು. ಕೆಲವು ಹೊಸ ಓವನ್ನುಗಳಲ್ಲಿ ಎಲ್‌ಇಡಿ ದೀಪ ಇರುತ್ತದೆ, ಅದರಿಂದ ಬಿಸಿ ಬರುವುದಿಲ್ಲ. ಹಳೆಯ ಬಲ್ಬ್ ಇದ್ದರೆ ಮಾತ್ರ ಈ ಉಪಾಯ. ಎರಡನೆಯದು ಮನುಷ್ಯರದು. ಮನೆಯಲ್ಲಿ ಯಾರಾದರೂ ಒಳಗೆ ನೋಡದೆ ಓವನ್ ಬಿಸಿಗೆ ಹಚ್ಚಿದರೆ ಕಥೆ ಮುಗಿಯಿತು. ಬಾಗಿಲಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿ. ಶನಿವಾರ ರಾತ್ರಿ ಹಿಟ್ಟಿಗೂ ಬೀಜಕ್ಕೂ ಜಾಗದ ಜಗಳ ಬಂದೇ ಬರುತ್ತದೆ. ನಮ್ಮಲ್ಲಿ ಹಿಟ್ಟೇ ಗೆಲ್ಲುವುದು.

ಹೀಟ್ ಮ್ಯಾಟ್ ಎಂದರೆ ಟ್ರೇ ಅಡಿಗೆ ಹಾಸುವ, ಕರೆಂಟಿನಿಂದ ಬಿಸಿಯಾಗುವ ತೆಳ್ಳನೆಯ ರಬ್ಬರಿನಂಥ ಹಾಳೆ. ಫೋನಿನಲ್ಲಿ ವಿವರಿಸಿದಾಗ ಊರಿನ ಕಾಕಾ, "ಮೆಣಸಿನಕಾಯಿ ಬೀಜಕ್ಕ ಕರೆಂಟಿನ ಹಾಸಿಗಿ ಹಾಕ್ತಿಯೇನಲೇ?" ಎಂದು ನಕ್ಕಿದ್ದರು. ಹಾಸಿಗೆಯೇ. ಒಂದು ಟ್ರೇ ಅಳತೆಯದ್ದು ಸುಮಾರು 20 ವ್ಯಾಟ್, ಇಡೀ ದಿನ ಉರಿದರೂ ಅರ್ಧ ಯೂನಿಟ್. ಕೊಳ್ಳುವವರಿಗೆ ಅಂಗಡಿಯವರು ಹೇಳದ ಸಂಗತಿ ಒಂದಿದೆ: ಥರ್ಮೋಸ್ಟ್ಯಾಟ್ (ಬಿಸಿ ನೋಡಿಕೊಂಡು ಕರೆಂಟು ಹಚ್ಚಿ ಆರಿಸುವ ಸಾಧನ) ಇಲ್ಲದ ಮ್ಯಾಟ್ ಯಾವುದೇ ನಿಗದಿತ ಡಿಗ್ರಿ ಕೊಡುವುದಿಲ್ಲ, ಸುತ್ತಲಿನ ಗಾಳಿಗಿಂತ ಇಷ್ಟು ಹೆಚ್ಚು ಎಂದಷ್ಟೇ ಕೊಡುತ್ತದೆ. ಮಹಡಿ ಮೇಲಿನ 21 ಡಿಗ್ರಿ ಕೋಣೆಯಲ್ಲಿ 28 ತೋರಿಸಿದ ಅದೇ ಮ್ಯಾಟ್ ಬೇಸ್‌ಮೆಂಟಿನ 16ರಲ್ಲಿ 23 ಕೂಡ ಮುಟ್ಟಲಿಲ್ಲ. ಅಡಿಯಲ್ಲಿ ಥರ್ಮೋಕೋಲ್ ಹಾಳೆ ಇಟ್ಟು, ಟ್ರೇಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ ಮೇಲೆ ದಾರಿಗೆ ಬಂತು. ಥರ್ಮೋಸ್ಟ್ಯಾಟಿನ ತಂತಿಯ ತುದಿ ಮಣ್ಣಿನೊಳಗೆ ಇರಬೇಕು, ಗಾಳಿಯಲ್ಲಿ ಜೋತಾಡುತ್ತಿದ್ದರೆ ಅದು ಸುಳ್ಳು ಲೆಕ್ಕ ಕೊಟ್ಟು ಬೀಜ ಬೇಯಿಸುತ್ತದೆ.

ನಾಲ್ಕಾರು ಗಿಡ ಸಾಕೆನ್ನುವವರಿಗೆ ಓವನ್ ಧಾರಾಳ. ಜೀರಿಗೆ ಮೆಣಸು, ತುಂಬ ಖಾರದ ಹಬನೇರೊ ಮೆಣಸು, ಇಂಥ ನಿಧಾನಿಗಳನ್ನು ಹಾಕುವವರು ಮ್ಯಾಟ್ ಕೊಳ್ಳಲೇಬೇಕು. ಅವು ಮೂರು, ನಾಲ್ಕು ವಾರ ಕಾಯಿಸುತ್ತವೆ, ಅಷ್ಟು ದಿನ ಓವನ್ ಯಾರೂ ಬಿಟ್ಟುಕೊಡುವುದಿಲ್ಲ.

ಪೇಪರ್ ಟವಲ್, ಬಿಲ್ಲೆ, ಟ್ರೇ

ಒದ್ದೆ ಪೇಪರ್ ಟವಲ್ಲಿನಲ್ಲಿ ಬೀಜ ಮಡಚಿ ಜಿಪ್‌ಲಾಕ್ ಚೀಲಕ್ಕೆ ಹಾಕುವುದು ನೋಡಲು ಖುಷಿ. ದಿನಾ ಬಿಚ್ಚಿ ನೋಡಬಹುದು, ಸತ್ತ ಬೀಜಕ್ಕೆ ಜಾಗ ದಂಡವಾಗುವುದಿಲ್ಲ. ಆದರೆ ಬೇರು ಅರ್ಧ ಸೆಂಟಿಮೀಟರ್ ದಾಟಿತೆಂದರೆ ಕಾಗದದ ನಾರಿನೊಳಗೆ ನುಗ್ಗುತ್ತದೆ, ಬಿಡಿಸಲು ಹೋದರೆ ತುದಿ ಮುರಿಯುತ್ತದೆ. ಹಳೇ ಬೀಜ, ಅನುಮಾನದ ಬೀಜಕ್ಕೆ ಮಾತ್ರ ಇದು. ನೀರು ಹಾಕಿದರೆ ಉಬ್ಬುವ ಪೀಟ್ ಬಿಲ್ಲೆಗಳು ಚೊಕ್ಕಟ, ಸುತ್ತಲಿನ ಬಲೆಯನ್ನು ನಾಟಿಯ ಹೊತ್ತಿಗೆ ಕತ್ತರಿಸಿ ತೆಗೆಯದಿದ್ದರೆ ಬೇರು ಅದರೊಳಗೇ ಸುತ್ತುತ್ತದೆ. ನಾನು ಉಳಿಸಿಕೊಂಡದ್ದು ಮಾಮೂಲಿ ಗುಳಿಗಳ ಟ್ರೇ, ಅದಕ್ಕೆ ಎರಡು ಪಾಲು ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು). ಇಲ್ಲಿ ಮಾರುವ ಕೋಕೋಪೀಟ್ ಇಟ್ಟಿಗೆ ಬಹುಪಾಲು ಭಾರತದ್ದು ಇಲ್ಲವೇ ಶ್ರೀಲಂಕಾದ್ದು. ಉಪ್ಪಿನಂಶ ಇರುತ್ತದೆ, ಒಂದೆರಡು ಸಲ ತೊಳೆದು ಹಿಂಡಿ. ಅದರಲ್ಲಿ ಸತ್ವ ಇಲ್ಲದ್ದರಿಂದ ಬೀಜದೆಲೆಯ ನಂತರ ನಿಜವಾದ ಎಲೆ ಎರಡು ಬಂದ ಕೂಡಲೇ ತೆಳು ಗೊಬ್ಬರದ ನೀರು ಶುರು ಮಾಡಬೇಕು.

ಕ್ಯಾಮೊಮೈಲ್ ಚಹಾದಲ್ಲಿ ನೆನೆಸುವುದು, ಮೇಲೆ ದಾಲ್ಚಿನ್ನಿ ಪುಡಿ ಉದುರಿಸುವುದು ಎಲ್ಲ ಮಾಡಿ ನೋಡಿದೆ. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿದ್ದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಸಸಿ ಬುಡದಲ್ಲಿ ಕೊಳೆತು ಅಡ್ಡ ಬೀಳುವ ರೋಗಕ್ಕೆ ದಾಲ್ಚಿನ್ನಿಗಿಂತ ಸಣ್ಣ ಟೇಬಲ್ ಫ್ಯಾನ್ ಮೇಲು. ಮೇಲ್ಮಣ್ಣು ಆರಬೇಕು, ನೀರು ಕೆಳಗಿನ ತಟ್ಟೆಯಿಂದ ಹೀರಿಕೊಳ್ಳಬೇಕು. ಗಾಳಿಗೆ ತೂಗಾಡಿದ ಕಾಂಡ ಗಟ್ಟಿಯೂ ಆಗುತ್ತದೆ.

ಬೆಳಕು: ಇಲ್ಲೇ ಗೆಲ್ಲುವುದು, ಇಲ್ಲೇ ಸೋಲುವುದು

ದಕ್ಷಿಣದ ಕಿಟಕಿ ಇದೆ, ಬಿಸಿಲು ಬೀಳುತ್ತದೆ, ಇನ್ನೇನು ಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಮಿನಿಯಾಪೊಲಿಸ್ ಇರುವುದು 45ನೇ ಅಕ್ಷಾಂಶದಲ್ಲಿ. ಫೆಬ್ರವರಿ ನಡುವೆ ಹಗಲು ಹತ್ತೂವರೆ ತಾಸಿನ ಹತ್ತಿರ, ಸೂರ್ಯ ನೆತ್ತಿಗೇರುವುದೇ ಇಲ್ಲ, ಮೇಲೆ ಎರಡು ಪದರದ ಗಾಜು ಒಂದಿಷ್ಟು ಬೆಳಕು ತಿನ್ನುತ್ತದೆ, ಮೋಡದ ದಿನಗಳು ಬೇರೆ. ನಮ್ಮ ಕಣ್ಣಿಗೆ ಝಗಮಗಿಸುವ ಕಿಟಕಿ ಮೆಣಸಿನ ಸಸಿಗೆ ಮಬ್ಬು. ಒಂದೇ ದಿನ ಹುಟ್ಟಿದ ಸಸಿಗಳನ್ನು ಅರ್ಧ ಕಿಟಕಿಯಲ್ಲಿ, ಅರ್ಧ ದೀಪದಡಿ ಇಟ್ಟೆ. ಎರಡು ವಾರದಲ್ಲೇ ಕಿಟಕಿಯವು ಗಾಜಿನ ಕಡೆ ಬಾಗಿ, ದಾರದಂತೆ ಉದ್ದವಾಗಿ ನೇತುಬಿದ್ದಿದ್ದವು. ರಾತ್ರಿ ಪರದೆ ಎಳೆದರೆ ಗಾಜು ಮತ್ತು ಪರದೆಯ ನಡುವಿನ ಜಾಗ ಇನ್ನೂ ತಣ್ಣಗಾಗುತ್ತದೆ. 13 ಡಿಗ್ರಿಗಿಂತ ಕೆಳಗೆ ಮೆಣಸಿನ ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ.

ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟ್ ಕೆಲಸ ಮಾಡುತ್ತದೆ, ಸುಳ್ಳಲ್ಲ. ಕೆಂಪು, ನೀಲಿ ಬೆಳಕನ್ನು ಎಲೆ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ. ನನ್ನ ತಕರಾರು ಬೇರೆ: ಆ ಬೆಳಕಿನಲ್ಲಿ ಎಲ್ಲ ಎಲೆಯೂ ಕಪ್ಪಗೆ ಕಾಣುತ್ತದೆ. ಹಳದಿ ತಿರುಗಿದ್ದು, ಅಡಿಯಲ್ಲಿ ಸಸ್ಯಹೇನು ಕೂತಿದ್ದು, ತುದಿ ಮುಟುರಿದ್ದು ಯಾವುದೂ ಗೊತ್ತಾಗುವುದಿಲ್ಲ. ಮನೆಯೊಳಗೆ ಹೇನು ತಿನ್ನುವ ಗುಲಗಂಜಿ ಹುಳ ಬರುವುದಿಲ್ಲವಲ್ಲ, ಒಂದು ವಾರ ಕಣ್ಣು ತಪ್ಪಿದರೆ ಇಡೀ ಟ್ರೇ ಅಂಟಂಟು. ಜತೆಗೆ ಸಂಜೆ ಮನೆಗೆ ಬಂದ ಅತಿಥಿಗಳಿಗೆ ಆ ನೇರಳೆ ಬೆಳಕಿನ ಕೋಣೆಯಲ್ಲಿ ಬೆಳೆಯುತ್ತಿರುವುದು ಮೆಣಸಿನಕಾಯಿಯೇ ಎಂದು ನಂಬಿಸುವ ಕಷ್ಟ ಬೇರೆ.

ಗೆದ್ದದ್ದು ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಬಿಳಿ ಎಲ್‌ಇಡಿ ಶಾಪ್ ಲೈಟ್. 40 ವ್ಯಾಟ್, 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದಿರುವುದು, ಇಪ್ಪತ್ತು ಮೂವತ್ತು ಡಾಲರ್. ಎರಡು ಟ್ರೇ ಉದ್ದಕ್ಕೆ ಒಂದು ಸಾಲದು, ಎರಡು ಬೇಕು. ಸರಪಳಿಯಲ್ಲಿ ತೂಗುಹಾಕಿ ಸಸಿಯ ತಲೆಯಿಂದ ಒಂದು ಗೇಣಿಗಿಂತ ಕಮ್ಮಿ ಅಂತರದಲ್ಲಿ ನಿಲ್ಲಿಸಿ, ಗಿಡ ಬೆಳೆದಂತೆ ಮೇಲೆತ್ತುತ್ತ ಹೋಗಬೇಕು. ಟೈಮರಿಗೆ ಹಾಕಿ ದಿನಕ್ಕೆ 14ರಿಂದ 16 ತಾಸು, ರಾತ್ರಿ ಆರಲೇಬೇಕು. ಸಸಿಗಳು ಗಿಡ್ಡಗೆ, ಗೆಣ್ಣು ಹತ್ತಿರ ಹತ್ತಿರ, ಕಾಂಡ ಪೆನ್ಸಿಲ್ಲಿನ ಅರ್ಧ ದಪ್ಪ. ಕಣ್ಣು ಮಿಟುಕಿಸುವ ಬೆಲೆಯ ಗ್ರೋ ಲೈಟ್ ಬೋರ್ಡನ್ನು ಸ್ನೇಹಿತರೊಬ್ಬರಿಂದ ಎರವಲು ತಂದು ಪಕ್ಕದಲ್ಲಿ ಓಡಿಸಿದೆ. ಅದರಡಿಯ ಸಸಿ ಸ್ವಲ್ಪ ಮುಂದಿತ್ತು, ಆದರೆ ಜೂನ್ ಕೊನೆಯ ಹೊತ್ತಿಗೆ ಹಿತ್ತಲಲ್ಲಿ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಮನೆಯೊಳಗೇ ಕಾಯಿ ಬಿಡಿಸಬೇಕು ಎನ್ನುವವರಿಗಷ್ಟೇ ಆ ಖರ್ಚು ಸರಿ.

ಬೀಜ, ನೀರು, ದೀಪ ಎಲ್ಲ ಸೇರಿದ ಅಡುಗೆಕಟ್ಟೆಯ ಹೈಡ್ರೋಪೋನಿಕ್ ಡಬ್ಬಿಯೂ ಒಂದಿದೆ. ಅದರಲ್ಲಿ ಗಿಡ ದಡದಡ ಬೆಳೆಯುತ್ತದೆ, ಪಕ್ಕದ ಕೊತ್ತಂಬರಿಯ ನೆತ್ತಿ ಮುಚ್ಚುತ್ತದೆ. ನೀರಿನಲ್ಲಿ ಹೆಣೆದುಕೊಂಡ ಬೇರು ಮಣ್ಣಿಗೆ ಬಂದಾಗ ಮುನಿಸಿಕೊಂಡು ವಾರಗಟ್ಟಲೆ ಕೂರುತ್ತದೆ. ಹಿತ್ತಲಿಗೆ ನೆಡುವ ಉದ್ದೇಶ ಇದ್ದರೆ ಬೇಡ.

ಯಾವ ಮೆಣಸು, ಯಾವಾಗ?

ಇಲ್ಲಿ ಬೀಜದ ಪ್ಯಾಕೆಟ್ಟುಗಳು ಹೊರಗೆ ನೆಡುವುದಕ್ಕೆ ಎಂಟು ವಾರ ಮುಂಚೆ ಬಿತ್ತಿ ಎನ್ನುತ್ತವೆ, ಅಂದರೆ ಏಪ್ರಿಲ್ ಮೊದಲಿಗೆ. ಹಲಪೀನ್ಯೊಗೆ ಅದು ಸರಿ, ಅದನ್ನು ಹಸಿರಿದ್ದಾಗಲೇ ಕೀಳುತ್ತೇವೆ. ಬಜ್ಜಿಗೂ ಆಗುತ್ತದೆ. ಬ್ಯಾಡಗಿಗೆ ಆ ಲೆಕ್ಕ ಹಿಡಿದರೆ ಅಕ್ಟೋಬರಿನಲ್ಲಿ ಕೈಗೆ ಬರುವುದು ಹಸಿ ಕಾಯಿ ಮಾತ್ರ. 2011ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದ ಕಾಯಿ ಎಂದು. ಕೆಂಪಾಗದ ಬ್ಯಾಡಗಿ ಇಟ್ಟುಕೊಂಡು ಮಾಡುವುದೇನು? ಫೆಬ್ರವರಿ ಮೂರನೇ ವಾರಕ್ಕೇ ಬಿತ್ತಿ, ಒಮ್ಮೆ ದೊಡ್ಡ ಕುಂಡಕ್ಕೆ ಬದಲಿಸಿ, ಮೇ ನಡುವಿನಿಂದ ವಾರ ಹತ್ತು ದಿನ ಹಗಲಲ್ಲಿ ಹೊರಗಿಟ್ಟು ಬಿಸಿಲು ಗಾಳಿಗೆ ಒಗ್ಗಿಸಿ ನೆಟ್ಟರೆ ಮೊದಲ ಹೊರೆ ಕೆಂಪಾಗಿ ಸಿಗುತ್ತದೆ. ಉಳಿದದ್ದಕ್ಕೆ ಫ್ರಾಸ್ಟ್ ಮುನ್ಸೂಚನೆ ಬಂದ ದಿನ ಗಿಡವನ್ನು ಬೇರು ಸಮೇತ ಕಿತ್ತು ಬೇಸ್‌ಮೆಂಟಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಬಣ್ಣ ತಿರುಗಲು ಶುರುವಾದ ಕಾಯಿ ಅಲ್ಲೇ ಕೆಂಪಾಗುತ್ತದೆ, ಪೂರಾ ಹಸಿರಿದ್ದದ್ದು ಆಗುವುದಿಲ್ಲ. ಬ್ಯಾಡಗಿಯ ಎರಡು ಬಗೆಗಳಾದ ಕಡ್ಡಿ, ಡಬ್ಬಿ ಎರಡನ್ನೂ ಹಾಕಿದವನಾಗಿ ಹೇಳುವುದಾದರೆ ಇಲ್ಲಿಗೆ ಕಡ್ಡಿಯೇ ಸರಿ. ದಪ್ಪ ಡಬ್ಬಿ ಕಾಯಿ ಈ ತೇವದ ಸೆಪ್ಟೆಂಬರಿನಲ್ಲಿ ಒಣಗುವ ಮುಂಚೆ ಒಳಗೆ ಬೂಷ್ಟು ಹಿಡಿಯುತ್ತದೆ.

ಜೀರಿಗೆ ಮೆಣಸಿನ ಜಾತಿಯೇ ಬೇರೆ, ಸ್ವಭಾವವೂ ಬೇರೆ. ಮಲೆನಾಡಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ತಾನೇ ಹುಟ್ಟುವ ಈ ಗಿಡಕ್ಕೆ ಮಿನಿಯಾಪೊಲಿಸ್‌ನ ಒಂದು ಬೇಸಿಗೆ ಏತಕ್ಕೂ ಸಾಲದು, ಹೂ ಬಿಡುವುದೇ ಆಗಸ್ಟ್ ಹೊತ್ತಿಗೆ. ಅದನ್ನು ನೆಲಕ್ಕೆ ನೆಡದೆ ಕುಂಡದಲ್ಲೇ ಇಟ್ಟು, ಸೆಪ್ಟೆಂಬರ್ ನಡುವೆ ಅರ್ಧಕ್ಕೆ ಕತ್ತರಿಸಿ, ಎಲೆ ತೊಳೆದು ಒಳಗೆ ತರುವುದು ಲೇಸು. ಬೇಸ್‌ಮೆಂಟಿನ 15–16 ಡಿಗ್ರಿಯಲ್ಲಿ ಅಪರೂಪಕ್ಕೆ ನೀರು ಕಂಡುಕೊಂಡು ಮಲಗಿರುತ್ತದೆ, ಎಲೆ ಉದುರಿದರೆ ಗಾಬರಿ ಬೇಡ. ಎರಡನೇ ವರ್ಷ ಜೂನ್ ಕೊನೆಗೇ ಕಾಯಿ ಕಚ್ಚುತ್ತದೆ, ಚಟ್ನಿಗೆ ಬೇಕಾದಷ್ಟು. ಹಬನೇರೊವನ್ನು ಬೀಜದಿಂದ ಮಾಡುವ ಹಠ ನಾನು ಬಿಟ್ಟಿದ್ದೇನೆ. ಮೇ ತಿಂಗಳಲ್ಲಿ ರೈತರ ಸಂತೆಯಲ್ಲಿ ಕೆಲವೇ ಡಾಲರಿಗೆ ಒಳ್ಳೆಯ ಸಸಿ ಸಿಗುತ್ತದೆ. ಒಂದು ಗಿಡದ ಕಾಯಿ ಒಂದು ಮನೆಗೆ ಮುಗಿಸಲಾಗದಷ್ಟು, ಮ್ಯಾಟಿನ ಮೇಲಿನ ಆ ಜಾಗವನ್ನು ಇನ್ನೊಂದಿಷ್ಟು ಬ್ಯಾಡಗಿಗೆ ಕೊಡಿ.