ಶಾಲೆಯಂಗಳದ ಮಳೆಮಾಪಕ: ಬಾಟಲಿಯೋ, ಪಿವಿಸಿ ಪೈಪೋ, ಆಲಿಕೆ-ಕ್ಯಾನೋ?

ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಂದ ಮಳೆಮಾಪಕ ಮಾಡಿಸುವುದು ಹೊಸ ಚಟುವಟಿಕೆಯೇನಲ್ಲ. ಎರಡು ಲೀಟರ್ ಬಾಟಲಿಯ ತಲೆ ಕತ್ತರಿಸಿ ಬೋರಲು ಹಾಕಿದರೆ ಆಯಿತು ಎನ್ನುವ ವಿಡಿಯೊಗಳು ಬೇಕಾದಷ್ಟಿವೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ವಿಜಯಪುರದಂಥ ಕಡೆ ಅಷ್ಟು ಸಾಕು. ಮಂಗಳೂರು, ಉಡುಪಿಯ ಕಡೆ ವರ್ಷದ ಮಳೆ 4,000 ಮಿ.ಮೀ. ಹತ್ತಿರ, ಜುಲೈ ತಿಂಗಳೊಂದರಲ್ಲೇ ಸಾವಿರ ದಾಟುವುದು ಮಾಮೂಲು. ಅದಕ್ಕಿಂತ ದೊಡ್ಡ ತೊಡಕು ರಜೆಯದ್ದು. ಮಳೆ ಜೋರಾಗುವ ದಿನವೇ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಅಳೆಯಲೇಬೇಕಾದ ದಿನ ಅಳೆಯುವವರೆಲ್ಲ ಮನೆಯಲ್ಲಿ. ಆದ್ದರಿಂದ ನಿಖರತೆಗಿಂತ ಮೊದಲು ನೋಡಬೇಕಾದದ್ದು ಬೇರೆ: ಎರಡು ದಿನ ಮಳೆ ರಜೆ, ಅದರ ಬೆನ್ನಿಗೆ ಭಾನುವಾರ ಬಂದರೂ ತುಳುಕದೆ ನಿಲ್ಲುವುದು ಯಾವುದು?

ಮೂರು ಬಗೆಯವನ್ನು ಒಂದೇ ಅಂಗಳದಲ್ಲಿ, ಮೀಟರಿನಷ್ಟು ಅಂತರ ಬಿಟ್ಟು, ಸಾಲಾಗಿ ಇಟ್ಟು ನೋಡಿದ್ದೇವೆ. ಮಳೆ ಹದವಾಗಿದ್ದಾಗ ಮೂರೂ ಹೆಚ್ಚುಕಡಿಮೆ ಒಂದೇ ಲೆಕ್ಕ ಹೇಳುತ್ತವೆ. ಜಡಿಮಳೆ ಹಿಡಿದಾಗ ದಾರಿ ಬೇರೆಯಾಗುತ್ತದೆ.

ಬಾಟಲಿ

ಒಂದು ಪಿರಿಯಡ್‌ನಲ್ಲಿ ಮುಗಿಯುತ್ತದೆ, ಖರ್ಚಿಲ್ಲ, ಪ್ರತಿ ಗುಂಪಿಗೂ ಒಂದೊಂದು ಸಿಗುತ್ತದೆ. ಜೂನ್ ಮೊದಲ ವಾರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಾಟಲಿ ಆರಿಸುವಲ್ಲೇ ಅರ್ಧ ಮಕ್ಕಳು ತಪ್ಪುತ್ತಾರೆ. ನಡು ಸಣ್ಣಗಿರುವುದು, ಮೈಮೇಲೆ ಏರಿಳಿತ ಇರುವುದು ಬೇಡ. ಮೇಲಿನಿಂದ ಕೆಳಗಿನವರೆಗೆ ಅಗಲ ಒಂದೇ ಇದ್ದರೆ ಮಾತ್ರ ನೀರಿನ ಎತ್ತರವೇ ಮಳೆಯ ಅಳತೆ.

ಇನ್ನೊಂದು ತಪ್ಪು ತಳದ್ದು. ತಂಪುಪಾನೀಯದ ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಜಲ್ಲಿಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ತುಂಬಿ, ಅಲ್ಲಿಗೆ ಸೊನ್ನೆ ಗುರುತು ಹಾಕುವುದು ವಾಡಿಕೆ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದರೆ ಆ ನೀರು ಆರಿ ಸೊನ್ನೆ ಕೆಳಗಿಳಿಯುತ್ತದೆ. ಮುಂದಿನ ಮಳೆಯಲ್ಲಿ ಅಷ್ಟು ಕಡಿಮೆ ತೋರಿಸುತ್ತದೆ. ಸಿಮೆಂಟ್ ತೆಳ್ಳಗೆ ಕಲಸಿ ಐದು ಸೆಂ.ಮೀ. ಎತ್ತರಕ್ಕೆ ಸುರಿದು, ತಟ್ಟಿ ಸಮ ಮಾಡಿ, ಮರುದಿನದವರೆಗೆ ಬಿಟ್ಟರೆ ಈ ಗೋಳಿಲ್ಲ. ಭಾರಕ್ಕೆ ಬಾಟಲಿ ಗಾಳಿಗೆ ಬೀಳುವುದೂ ಇಲ್ಲ. ಪ್ಲಾಸ್ಟಿಕ್ಕಿನ ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ. ಕತ್ತರಿಸುವುದು ಶಿಕ್ಷಕರ ಕೆಲಸ, ಅಂಚಿಗೆ ಟೇಪ್ ಸುತ್ತುವುದು ಮಕ್ಕಳದ್ದು.

ಇದರ ನಿಜವಾದ ಮಿತಿ ಬಾಟಲಿಯ ಎತ್ತರವಲ್ಲ, ಬೋರಲು ಹಾಕಿದ ತಲೆಯ ಬಾಯಿ. ನೀರು ಏರಿ ಆ ಬಾಯಿ ಮುಟ್ಟಿದರೆ ಸುತ್ತಲಿನ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ. ಟೇಪ್ ಗಟ್ಟಿಯಾಗಿ ಸುತ್ತಿದ್ದರಂತೂ ಮುಂದಿನ ಮಳೆಯೆಲ್ಲ ಆಲಿಕೆಯಲ್ಲೇ ನಿಂತು ಹೊರಗೆ ಚೆಲ್ಲುತ್ತದೆ. ಹೆಚ್ಚೆಂದರೆ 100 ಮಿ.ಮೀ. ತನಕ ನಂಬಬಹುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಎಂದರೆ ಕರಾವಳಿಯ ಮಕ್ಕಳು ಮಾತಾಡಿಕೊಳ್ಳುವ ಮಳೆಯೇ ಬಾಟಲಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಪಿವಿಸಿ ಪೈಪ್

ನಾಲ್ಕು ಇಂಚಿನ (110 ಮಿ.ಮೀ.) ಪೈಪಿನ 60 ಸೆಂ.ಮೀ. ತುಂಡು, ಒಂದು ಎಂಡ್ ಕ್ಯಾಪ್, ಸಾಲ್ವೆಂಟ್ ಅಂಟು. ಮನೆ ಕಟ್ಟುವ ಕಡೆ ಕೇಳಿದರೆ ತುಂಡು ಪೈಪ್ ಸಿಗುತ್ತದೆ. ಬಾಟಲಿಯ ಹಾಗೆಯೇ ಒಳಗೊಂದು ಚೂರು ಸಿಮೆಂಟ್ ಸುರಿದು ತಳ ಸಮ ಮಾಡಿಕೊಳ್ಳಿ. ಕೆಲವು ಕ್ಯಾಪ್‌ಗಳ ತಳ ಬಟ್ಟಲಿನಂತಿರುತ್ತದೆ. ಮೇಲಿನ ಅಂಚನ್ನು ಉಪ್ಪುಕಾಗದದಿಂದ ಹೊರಮೈ ಕಡೆಗೆ ಇಳಿಜಾರಾಗಿ ತಿಕ್ಕಿದರೆ ಅಂಚಿಗೆ ಬಿದ್ದ ಹನಿ ಸಿಡಿದು ಒಳಗೆ ಬರುವುದು ಕಡಿಮೆಯಾಗುತ್ತದೆ. ಸಿಮೆಂಟಿಗೆ ಹೋದದ್ದು ಕಳೆದರೂ 500 ಮಿ.ಮೀ.ಗಿಂತ ಹೆಚ್ಚು ಹಿಡಿಯುತ್ತದೆ. ಮೂರು ದಿನದ ರಜೆಗೆ ಹೆದರಬೇಕಾಗಿಲ್ಲ.

ಒಳಗಿನದು ಕಾಣುವುದಿಲ್ಲವಲ್ಲ, ಅಳೆಯುವುದು ಹೇಗೆ? ಹಿಡಿಸೂಡಿಯ (ತೆಂಗಿನಗರಿಯ ಪೊರಕೆಯ) ಕಡ್ಡಿಯಿಂದ. ನೇರವಾದ, ದಪ್ಪ ಕಡ್ಡಿ ಒಂದನ್ನು ಆರಿಸಿ, ತುದಿಯ ಬಳುಕುವ ಭಾಗ ಕತ್ತರಿಸಿ, ಮೈಗೆಲ್ಲ ಚಾಕ್‌ಪೀಸ್ ಉಜ್ಜಿ, ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ ತಕ್ಷಣ ಎತ್ತಬೇಕು. ಒದ್ದೆಯಾದಲ್ಲಿ ಚಾಕ್ ಕಪ್ಪಾಗಿ ಗೆರೆ ಎದ್ದು ಕಾಣುತ್ತದೆ. ಸ್ಕೇಲಿನಲ್ಲಿ ಆ ಉದ್ದ ನೋಡಿದರೆ ಮಳೆ ಅಷ್ಟೇ. ನೀರಿನಲ್ಲಿ ಹೊತ್ತು ಬಿಟ್ಟರೆ ಒದ್ದೆ ಮೇಲಕ್ಕೆ ಹತ್ತಿ ಒಂದೆರಡು ಮಿ.ಮೀ. ಹೆಚ್ಚು ತೋರಿಸುತ್ತದೆ. ಮರದ ಸ್ಕೇಲನ್ನೇ ಇಳಿಸುವುದು ಬೇಡ. ಅದು ದಪ್ಪ, ನೀರನ್ನು ಮೇಲಕ್ಕೆ ತಳ್ಳುತ್ತದೆ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗಿಂತ ಮೊದಲು ಒಂದಿಷ್ಟು ಖಾಲಿ ಜಾಗ ಇರುತ್ತದೆ, ಅದನ್ನು ಮರೆಯುವ ಮಕ್ಕಳೇ ಹೆಚ್ಚು.

ಪೈಪ್ ಸರಿಯಾಗಿದೆಯೇ ಎಂದು ಏಳನೇ ತರಗತಿಯವರೇ ಪರೀಕ್ಷಿಸಬಹುದು. ಒಳವ್ಯಾಸ 10.4 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ 84.9 ಚದರ ಸೆಂ.ಮೀ. ಅಳೆದು 849 ಮಿ.ಲೀ. ನೀರು ಸುರಿದರೆ ಕಡ್ಡಿ 100 ಮಿ.ಮೀ. ತೋರಿಸಬೇಕು. ತೋರಿಸದಿದ್ದರೆ ತಳ ಸಮವಿಲ್ಲ, ಇಲ್ಲವೇ ಪೈಪ್ ವಾಲಿದೆ.

ಪೈಪನ್ನು ಅರ್ಧ ಹೂತಿಡುವ ಆಸೆ ಎಲ್ಲರಿಗೂ ಬರುತ್ತದೆ. ಜುಲೈಯಲ್ಲಿ ಗುಂಡಿಯಲ್ಲಿ ನೀರು ನಿಂತು, ಖಾಲಿ ಪೈಪ್ ಬುಳಕ್ಕನೆ ಮೇಲೆದ್ದು ತೇಲುತ್ತದೆ. ಹೂಳದೆ, ಗಟ್ಟಿಯಾದೊಂದು ಗೂಟಕ್ಕೆ ಎರಡು ಕಡೆ ಕಟ್ಟಿ ನಿಲ್ಲಿಸಿ. ಗೂಟದ ತಲೆ ಪೈಪಿನ ಬಾಯಿಗಿಂತ ಕೆಳಗಿರಲಿ.

ಆಲಿಕೆ, ಕ್ಯಾನ್, ಅಳತೆ ಜಾಡಿ

ಇಲಾಖೆಯ ಮಾಪಕದ ಕ್ರಮ ಇದೇ: ಬಾಯಿಯ ವಿಸ್ತೀರ್ಣ ಗೊತ್ತಿರುವ ಆಲಿಕೆ, ಕೆಳಗೆ ಸಂಗ್ರಹದ ಪಾತ್ರೆ, ಅಳೆಯಲು ಗಾಜು. ಐದು ಲೀಟರಿನ ಎಣ್ಣೆ ಕ್ಯಾನ್ ತೊಳೆದು, ಆಲಿಕೆ ಇಟ್ಟು ಕಟ್ಟಿದರೆ ಮುಗಿಯಿತು. ಲೆಕ್ಕ ಮಾತ್ರ ಮಾಡಲೇಬೇಕು: ಮಿ.ಲೀ. ಅನ್ನು 10ರಿಂದ ಗುಣಿಸಿ, ಆಲಿಕೆಯ ಬಾಯಿಯ ಚದರ ಸೆಂ.ಮೀ.ನಿಂದ ಭಾಗಿಸಿದರೆ ಮಿ.ಮೀ. ಮಳೆ ಸಿಗುತ್ತದೆ. ಬಾಯಿ 15 ಸೆಂ.ಮೀ. ಅಗಲವಿದ್ದರೆ ಒಂದು ಮಿ.ಮೀ. ಮಳೆಗೆ 17.7 ಮಿ.ಲೀ.; ಐದು ಲೀಟರ್ ತುಂಬುವುದು 283 ಮಿ.ಮೀ.ಗೆ. ಸ್ಕೇಲ್ ಹಿಡಿದುಕೊಂಡು ಅಂಗಡಿಗೆ ಹೋಗಿ 11.3 ಸೆಂ.ಮೀ. ಬಾಯಿಯದ್ದನ್ನು ಹುಡುಕಿದರೆ ದೊಡ್ಡ ಲಾಭ: ವಿಸ್ತೀರ್ಣ 100 ಚದರ ಸೆಂ.ಮೀ., ಹತ್ತು ಮಿ.ಲೀ.ಗೆ ಒಂದು ಮಿ.ಮೀ., ಕ್ಯಾನ್ ತುಂಬಲು 500 ಮಿ.ಮೀ. ಬೇಕು. ವ್ಯಾಸ ಅಳೆಯುವಾಗ ಎರಡು ಮಿ.ಮೀ. ತಪ್ಪಿದರೆ ಉತ್ತರದಲ್ಲಿ ಶೇ. 3.5ರಷ್ಟು ತಪ್ಪುತ್ತದೆ ಎಂಬುದನ್ನು ಮಕ್ಕಳೇ ಲೆಕ್ಕ ಮಾಡಿ ನೋಡಲಿ.

ಕೆಡುವ ಜಾಗಗಳು ಇದಕ್ಕೇ ಹೆಚ್ಚು. ಆಲಿಕೆ ಕ್ಯಾನಿನ ಬಾಯಿಗೆ ಬಿಗಿಯಾಗಿ ಕೂತರೆ ಗಾಳಿ ಹೊರಹೋಗದೆ ನೀರು ಮೇಲೆಯೇ ನಿಲ್ಲುತ್ತದೆ. ಕುತ್ತಿಗೆಯ ಬಳಿ, ಆಲಿಕೆಯ ಮರೆಯಲ್ಲಿ, ಒಂದು ಮೊಳೆ ತೂತು ಬೇಕು. ಆಲಿಕೆ ಆಳವಿಲ್ಲದಿದ್ದರೆ ದಪ್ಪ ಹನಿ ಸಿಡಿದು ಹೊರಗೆ ಹಾರುತ್ತದೆ. ಗಾಳಿಮರದ ಸೂಜಿ ಎಲೆ ಎರಡು ಬಿದ್ದರೂ ಕೊಳವೆ ಕಟ್ಟುತ್ತದೆ. ಮಲ್ಪೆ, ಪಣಂಬೂರು ಕಡೆಯಂಥ ಕಡಲಬದಿಯಲ್ಲಿ ಕ್ಯಾನಿಗೆ ಕಲ್ಲಿನ ಆಧಾರ ಇಲ್ಲದಿದ್ದರೆ ಗಾಳಿಗೆ ಉರುಳುತ್ತದೆ. ಇವೆಲ್ಲ ಸರಿಯಿದ್ದರೂ, ಶಾಲೆಯಲ್ಲಿರುವುದು 100 ಮಿ.ಲೀ. ಜಾಡಿಯಾದರೆ ಎರಡು ಲೀಟರ್ ನೀರಿಗೆ ಇಪ್ಪತ್ತು ಸಲ ಸುರಿಯಬೇಕು, ಹನ್ನೆರಡರ ಹೊತ್ತಿಗೆ ಎಣಿಕೆ ತಪ್ಪುತ್ತದೆ. ಒಬ್ಬರು ಸುರಿಯಲಿ, ಇನ್ನೊಬ್ಬರು ಜಗಲಿಯ ಮೇಲೆ ಚಾಕಿನಲ್ಲಿ ಗೀಟು ಹಾಕಲಿ.

ಅಂಗಡಿಯ ರೆಡಿಮೇಡ್ ಮಾಪಕ ಕೊಳ್ಳುವವರು ಕೊಳವೆ ಎಷ್ಟು ಮಿ.ಮೀ. ಹಿಡಿಯುತ್ತದೆ, ಗುರುತು ಇಂಚಿನಲ್ಲಿದೆಯೇ ಎಂದು ನೋಡಿಕೊಂಡರೆ ಸಾಕು.

ಯಾವ ತರಗತಿಗೆ ಯಾವುದು

ಆರನೆಯವರಿಗೆ ಬಾಟಲಿ, ನೋಡು, ಬರೆ, ಕಂಬ ನಕ್ಷೆ ಹಾಕು, ಅಷ್ಟೇ. ಏಳು, ಎಂಟಕ್ಕೆ ಆಲಿಕೆ-ಕ್ಯಾನ್ ಇಲ್ಲದಿದ್ದರೆ ಚಟುವಟಿಕೆಯ ತಿರುಳೇ ಹೋಗುತ್ತದೆ. "ಬಕೆಟ್ ಅಗಲ, ಅದರಲ್ಲಿ ಜಾಸ್ತಿ ಮಳೆ ಅಲ್ವಾ ಟೀಚರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಬೇಡಿ. ಪೈಪಿನ ನೀರನ್ನೂ ಕ್ಯಾನಿನ ನೀರನ್ನೂ ಜಾಡಿಯಲ್ಲಿ ಅಳೆಸಿ: ಮಿ.ಲೀ. ಬೇರೆ ಬೇರೆ, ಬಾಯಿಯ ವಿಸ್ತೀರ್ಣದಿಂದ ಭಾಗಿಸಿದ ಮೇಲೆ ಒಂದೇ. ಅಲ್ಲಿಂದ ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರ್ ಎನ್ನುವಲ್ಲಿಗೆ ಒಂದೇ ಹೆಜ್ಜೆ. 60 ಚದರ ಮೀಟರ್ ನೆಲ ಮುಚ್ಚುವ ಮಾಡಿನಿಂದ 100 ಮಿ.ಮೀ. ಮಳೆಗೆ 6,000 ಲೀಟರ್ ಇಳಿಯುತ್ತದೆ ಎಂದು ಅವರೇ ಹೇಳುತ್ತಾರೆ.

ಆದರೆ ಶಾಲೆಯ ದಾಖಲೆಗೆ ಒಂದೇ ಇಡುವುದಾದರೆ ಪೈಪ್. ಕಟ್ಟಿಕೊಳ್ಳುವ ಕೊಳವೆ ಇಲ್ಲ, ಉರುಳುವುದಿಲ್ಲ, ಲೆಕ್ಕ ತಪ್ಪಲು ಎಡೆಯಿಲ್ಲ.

ಇಡುವ ಜಾಗದ ನಿಯಮ ಮೂರಕ್ಕೂ ಒಂದೇ. ಹಂಚಿನ ಮಾಡು ಐದು ಮೀಟರ್ ಎತ್ತರವಿದ್ದರೆ ಅದರಿಂದ ಹತ್ತು ಮೀಟರ್ ದೂರ. ತೆಂಗಿನಮರಕ್ಕೂ ಹಾಗೆಯೇ, ಎತ್ತರದ ಎರಡು ಪಟ್ಟು. ಬಾಯಿ ನೆಲದಿಂದ ಕನಿಷ್ಠ 30 ಸೆಂ.ಮೀ. ಮೇಲಿರಲಿ, ಸಿಮೆಂಟ್ ಅಂಗಳದಲ್ಲಂತೂ ಇನ್ನೂ ಮೇಲೆ. ತಗ್ಗಿನಲ್ಲಿದ್ದರೆ ನೆಲದಿಂದ ಸಿಡಿದ ಹನಿ ಒಳಗೆ ಬೀಳುತ್ತದೆ. ಧ್ವಜಕಟ್ಟೆಯ ಪಕ್ಕ ಸಾಮಾನ್ಯವಾಗಿ ಬಯಲೂ ಹೌದು, ಚೆಂಡಾಟವೂ ಇರುವುದಿಲ್ಲ.

ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಅಳೆದರೂ ಅಡ್ಡಿಯಿಲ್ಲ, ಆದರೆ ದಿನವೂ ಅದೇ ಹೊತ್ತು. ಪೇಪರಿನ ಅಂಕಿಯೊಂದಿಗೆ ಹೋಲಿಸುವಾಗ ನಡುವಿನ ಒಂದು ಗಂಟೆಯ ಮಳೆ ನೆನಪಿರಲಿ. ಮಳೆ ಬಾರದ ದಿನ 0 ಬರೆಯಬೇಕು, ಅಳೆಯದ ದಿನ ಅಡ್ಡಗೆರೆ. ರಜೆ ಮುಗಿಸಿ ಬಂದು ಅಳೆದ 310 ಮಿ.ಮೀ. ಅನ್ನು ಮೂರರಿಂದ ಭಾಗಿಸಿ ದಿನಕ್ಕಿಷ್ಟು ಎಂದು ತುಂಬುವುದು ಬೇಡ. 'ಮೂರು ದಿನದ ಒಟ್ಟು' ಎಂದು ಬರೆದು, ನಕ್ಷೆಯಲ್ಲಿ ಆ ಮೂರು ದಿನಗಳ ಮೇಲೆ ಆವರಣ ಚಿಹ್ನೆ ಹಾಕಿಸಿ. ಗುಡುಗು ಇರುವಾಗ ಯಾರನ್ನೂ ಅಂಗಳಕ್ಕೆ ಕಳಿಸಬೇಡಿ, ನೀರು ಎಲ್ಲಿಗೂ ಹೋಗುವುದಿಲ್ಲ. ಅಳೆದ ಮೇಲೆ ಪೂರ್ತಿ ಚೆಲ್ಲಲೇಬೇಕು. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಮರಿಯಾಗುತ್ತದೆ. ದಸರಾ ರಜೆಗೆ ಮುಂಚೆ ಪೈಪಿನ ಕಟ್ಟು ಬಿಚ್ಚಿ, ಬೋರಲು ಹಾಕಿ ಒಳಗಿಡಿ.