ಮಾಕ್ ಡ್ರಿಲ್‌ನಲ್ಲಿ ಮೊಬೈಲ್, ವಾಕಿಟಾಕಿ, ಮೈಕ್: ಯಾವುದನ್ನು ನೆಚ್ಚಬಹುದು?

ದೊಡ್ಡ ಅನಾಹುತವಾದರೆ ಏನು ಮಾಡಬೇಕು ಅಂತ ನಮ್ಮ ಆಸ್ಪತ್ರೆಯಲ್ಲಿ ನಡೆಸುವ ತಾಲೀಮಿನಲ್ಲಿ, ಅಂದರೆ ಮಾಕ್ ಡ್ರಿಲ್‌ಗಳಲ್ಲಿ, ತುರ್ತು ವಿಭಾಗದ ಉಸ್ತುವಾರಿ ನನ್ನದು. ಸುದ್ದಿ ಮುಟ್ಟಿಸೋಕೆ ಮೊಬೈಲ್, ವಾಕಿಟಾಕಿ, ಮೈಕ್, ಇಂಟರ್‌ಕಾಮ್ ಎಲ್ಲವನ್ನೂ ಬಳಸಿ ನೋಡಿದ್ದೇವೆ. ಒಂದನ್ನೇ ಆರಿಸಿ ಅಂದರೆ ನಾನು ವಾಕಿಟಾಕಿಗೇ ಕೈ ಹಾಕುತ್ತೇನೆ.

ಮನೆಯಲ್ಲಿರುವ ಡಾಕ್ಟರು, ನರ್ಸುಗಳನ್ನು ಕರೆಸೋಕೆ ವಾಟ್ಸ್ಆ್ಯಪ್ ಗುಂಪು ತುಂಬಾ ಚೆನ್ನಾಗಿದೆ. ಕೆಲಸ ಶುರುವಾದ ಮೇಲೆ ಮಾತ್ರ ಅದು ಪ್ರಯೋಜನಕ್ಕಿಲ್ಲ. ಗ್ಲೌಸ್ ಹಾಕಿದವರು ಫೋನ್ ಎಲ್ಲಿ ನೋಡ್ತಾರೆ? ‘ಓಟಿ (ಆಪರೇಷನ್ ಥಿಯೇಟರ್) ಖಾಲಿ ಇದೆಯಾ?’ ಅನ್ನೋ ಪ್ರಶ್ನೆ ಸಾಲು ಸಾಲು ‘ಓಕೆ ಸರ್’ಗಳ ನಡುವೆ ಕಳೆದುಹೋಗುತ್ತದೆ. ನಿಜವಾದ ಅನಾಹುತದಲ್ಲಂತೂ ಊರಿಗೆ ಊರೇ ಫೋನ್ ಮಾಡುತ್ತಿರುತ್ತದೆ, ಲೈನೇ ಸಿಗೋದಿಲ್ಲ. ಆಗಲೂ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ. ಟವರೇ ಕೆಟ್ಟರೆ ಅದೂ ಇಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ಬಡಿದಾಗ ನ್ಯೂ ಆರ್ಲಿಯನ್ಸ್‌ನಲ್ಲಿ ಫೋನ್‌ಗಳು ಸತ್ತುಹೋಗಿ, ಹ್ಯಾಮ್ ರೇಡಿಯೋದವರು (ಹವ್ಯಾಸಕ್ಕೆ ವೈರ್‌ಲೆಸ್ ಸೆಟ್ ನಡೆಸುವವರು) ಸಂದೇಶ ದಾಟಿಸಬೇಕಾಯಿತು.

ವಾಕಿಟಾಕಿಯಲ್ಲಿ ಒಬ್ಬರು ಹೇಳಿದ್ದು ಚಾನೆಲ್‌ನಲ್ಲಿರುವ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ಗಾಯಾಳುಗಳನ್ನು ವಿಂಗಡಿಸುವ ಟ್ರಯಾಜ್ ಬಾಗಿಲಲ್ಲಿ ‘ಕೆಂಪು ಟ್ಯಾಗ್ (ತೀರಾ ತುರ್ತು) ಇಬ್ಬರು, ಹಳದಿ (ಸ್ವಲ್ಪ ಕಾಯಬಹುದಾದವರು) ಐವರು’ ಅಂದ ಕೂಡಲೇ ಓಟಿ, ಐಸಿಯು, ಬ್ಲಡ್ ಬ್ಯಾಂಕ್ ಮೂರೂ ಕಡೆ ತಯಾರಿ ಶುರು. ವಾಕಿಟಾಕಿಯಲ್ಲಿ ವಿಎಚ್‌ಎಫ್, ಯುಎಚ್‌ಎಫ್ ಅಂತ ಎರಡು ಬಗೆಯ ರೇಡಿಯೋ ತರಂಗದ ಸೆಟ್‌ಗಳಿವೆ; ಕಟ್ಟಡದ ಒಳಗೆ ವಿಎಚ್‌ಎಫ್‌ಗಿಂತ ಯುಎಚ್‌ಎಫ್ ಸೆಟ್ ಸಾಮಾನ್ಯವಾಗಿ ವಾಸಿ. ಆದರೂ ಸೀಸ ಹೊದಿಸಿದ ಎಕ್ಸ್‌ರೇ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಮಾತು ಕತ್ತರಿಸಿ ಕತ್ತರಿಸಿ ಬರುತ್ತದೆ. ಸಿಗ್ನಲ್ ಹಿಡಿದು ಮತ್ತೆ ಜೋರಾಗಿ ಕಳಿಸುವ ರಿಪೀಟರ್ ಬೇಕೇ ಬೇಕು.

ಸುಮ್ನೆ ಸೆಟ್ ಕೊಂಡು ಕೊಟ್ಟರೆ ಸಾಲದು, ಮಾತಾಡುವ ರೂಢಿ ಆಗಬೇಕು. ಬಟನ್ ಒತ್ತಿ ಒಂದು ಕ್ಷಣ ತಡೆಯದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ‘ನಾಲ್ಕು ಬ್ಯಾಗ್ ಓ ನೆಗೆಟಿವ್’ ಅಂದದ್ದು ಆ ಕಡೆ ಬರೀ ‘ಬ್ಯಾಗ್ ಓ ನೆಗೆಟಿವ್’ ಅಂತ ಕೇಳಿಸುತ್ತದೆ. ರಕ್ತದ ವಿಷಯ ಅಲ್ವಾ, ಅದಕ್ಕೇ ಕೇಳಿದವರು ಪೂರ್ತಿ ವಾಪಸ್ ಹೇಳಲೇಬೇಕು. ಎಲ್ಲರ ಕಿವಿಗೂ ಬೀಳೋದರಿಂದ ರೋಗಿಯ ಹೆಸರು ಬೇಡ, ಟ್ಯಾಗ್ ನಂಬರ್ ಸಾಕು. ವೆಂಟಿಲೇಟರ್ ಪಕ್ಕದಲ್ಲಿ ನಿಂತು ಬಟನ್ ಒತ್ತೋದೂ ಬೇಡ, ಯಂತ್ರಕ್ಕೆ ಅಡಚಣೆ ಆಗಬಹುದು.

ಮೈಕ್ ‘ಶುರುವಾಯಿತು’ ಎಂದು ಸಾರೋಕೆ ಸರಿ, ಅಷ್ಟೇ. ಕೇಳಿಸಿತೋ ಇಲ್ಲವೋ ಅಂತ ಉತ್ತರ ಬರೋದಿಲ್ಲ. ಇಂಟರ್‌ಕಾಮ್ ಬಗ್ಗೆ ಒಂದು ಮಾತು: ಹಳೆಯ ಮಾದರಿಯ ಫೋನಿಗೆ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ, ಹಾಗಾಗಿ ವಾರ್ಡಿನಲ್ಲಿ ಕರೆಂಟ್ ಹೋದರೂ ಎಕ್ಸ್‌ಚೇಂಜ್ ನಡೆಯುತ್ತಿದ್ದರೆ ಸಾಕು. ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಹೊಸ ಐಪಿ ಫೋನಾದರೆ ದಾರಿಯಲ್ಲಿರುವ ಪ್ರತಿ ನೆಟ್‌ವರ್ಕ್ ಸ್ವಿಚ್ಚಿಗೂ (ಕೇಬಲ್‌ಗಳು ಸೇರುವ ಪೆಟ್ಟಿಗೆ) ಯುಪಿಎಸ್ ಇದೆಯಾ ನೋಡಿ.

ಇವೆಲ್ಲದರ ಜೊತೆಗೆ ಚೀಟಿ ಹಿಡಿದು ಓಡುವ ಇಬ್ಬರನ್ನು ನಾನು ಇಟ್ಟುಕೊಂಡೇ ಇರುತ್ತೇನೆ. ಮುಂದಿನ ಡ್ರಿಲ್ ರಾತ್ರಿ ಪಾಳಿಯಲ್ಲಿ, ಲಿಫ್ಟ್ ನಿಲ್ಲಿಸಿ ಮಾಡೋಣ ಅಂತ ಕೇಳಿದ್ದೇನೆ.