ರೋಮನ್ ಕಂಚಿನ ಕಾಸಿಗೆ ಪಾಕೆಟ್ ಕಾಟಾ: ಆ ಕಾಲದ ನಕಲು ಹಿಡಿಯಲು ಸಾಕೇ?

ಕಲಬುರಗಿಯ ಸರಾಫ್ ಬಜಾರಿನಲ್ಲಿ ಪತ್ತಾರರ ಸಾಮಾನು ಮಾರುವ ಅಂಗಡಿಗಳಲ್ಲಿ 200 ಗ್ರಾಂವರೆಗೆ ತೂಗುವ, 0.01 ಗ್ರಾಂ ತೋರಿಸುವ ಪಾಕೆಟ್ ಕಾಟಾ ಸಿಗುತ್ತದೆ. ಅಂಗೈಯಗಲದ್ದು, ಎರಡು ಬ್ಯಾಟರಿಯದು. ಬಹಮನಿ ಸುಲ್ತಾನರ ಫಲೂಸ್ ಎಂಬ ತಾಮ್ರದ ನಾಣ್ಯ ತೂಗಲು ಇದು ಧಾರಾಳ ಸಾಕು. ನಾಲ್ಕನೇ ಶತಮಾನದ ರೋಮನ್ ಕಂಚಿನ ಕಾಸುಗಳಲ್ಲಿ ಸರ್ಕಾರಿ ಟಂಕಸಾಲೆಯದ್ದು ಯಾವುದು, ಆ ಕಾಲದಲ್ಲೇ ಜನ ಹೊಡೆದುಕೊಂಡ ನಕಲು ಯಾವುದು ಎಂದು ಬೇರ್ಪಡಿಸುವ ಕೆಲಸ ಅದಕ್ಕಿಂತ ಸೂಕ್ಷ್ಮ. ಅದಕ್ಕೂ ಈ ಕಾಟಾ ಕೊಳ್ಳಬಹುದು. ಆದರೆ ಜೊತೆಗೆ ಒಂದು ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ, ಬೇಕೇ ಬೇಕು.

ಮೊದಲು ತೂಕದ ಲೆಕ್ಕ. ಕ್ರಿ.ಶ. 330ರಿಂದ 335ರವರೆಗಿನ ‘ಗ್ಲೋರಿಯಾ ಎಕ್ಸರ್ಕಿಟಸ್’ (ಸೈನ್ಯದ ಕೀರ್ತಿ) ಎಂಬ ಬರಹದ ಕಾಸಿನಲ್ಲಿ ಇಬ್ಬರು ಸೈನಿಕರ ನಡುವೆ ಎರಡು ಧ್ವಜಗಳಿರುತ್ತವೆ. ತೂಕ ಸುಮಾರು 2.5 ಗ್ರಾಂ. 335ರ ಹೊತ್ತಿಗೆ ಧ್ವಜ ಒಂದೇ ಆಯಿತು, ತೂಕವೂ 1.6–1.7ಕ್ಕೆ ಇಳಿಯಿತು. ಹಾಗಾಗಿ ಒಂದು ಧ್ವಜದ ಕಾಸು 1.5 ತೂಗಿದರೆ ಚಿಂತೆಯಿಲ್ಲ. ಎರಡು ಧ್ವಜದ್ದು 1.2 ತೂಗಿದರೆ ಲೂಪ್ ಕೈಗೆತ್ತಿಕೊಳ್ಳಬೇಕು. ಇನ್ನು 348ರಲ್ಲಿ ಶುರುವಾದ ‘ಫೆಲ್ ಟೆಂಪ್ ರೆಪರಾಟಿಯೋ’ (ಒಳ್ಳೆಯ ಕಾಲ ಮರಳಿತು) ಎಂಬ ಬರಹದ ಸರಣಿ. ಕುದುರೆಯಿಂದ ಬೀಳುತ್ತಿರುವ ಸವಾರನನ್ನು ಸೈನಿಕ ಈಟಿಯಿಂದ ತಿವಿಯುವುದು ಅದರಲ್ಲಿ ಹೆಚ್ಚಾಗಿ ಸಿಗುವ ಚಿತ್ರ. 353ರ ನಂತರದ ಸರ್ಕಾರಿ ಕಾಸು 2ರಿಂದ 2.5 ಗ್ರಾಂ, 17–18 ಮಿ.ಮೀ. ಗಾಲ್ (ಈಗಿನ ಫ್ರಾನ್ಸ್ ಕಡೆ) ಮತ್ತು ಬ್ರಿಟನ್‌ನಲ್ಲಿ ಚಿಲ್ಲರೆ ಸಾಲದೆ ಹುಟ್ಟಿದ ಇದರ ನಕಲುಗಳಲ್ಲಿ ಎಷ್ಟೋ ಒಂದು ಗ್ರಾಂ ಕೂಡ ತೂಗುವುದಿಲ್ಲ. ತೀರಾ ಚಿಕ್ಕವು 6–7 ಮಿ.ಮೀ., ನಮ್ಮ ತೊಗರಿಬೇಳೆಗಿಂತ ತುಸು ಅಗಲ, ಅಷ್ಟೇ.

ಕಾಟಾ ಕೈಕೊಡುವುದು ಇಂಥ ಚಿಕ್ಕವುಗಳಲ್ಲೇ. ಹಗುರ ವಸ್ತುವನ್ನು ಖಾಲಿ ತಟ್ಟೆಯ ಮೇಲೆ ಮೆಲ್ಲಗೆ ಇಟ್ಟರೆ ಯಂತ್ರ ಅದನ್ನು ತನ್ನದೇ ಏರುಪೇರು ಎಂದು ತಿಳಿದು ಸೊನ್ನೆಗೆ ಎಳೆದುಬಿಡಬಹುದು. ಇದಕ್ಕೆ ಉಪಾಯವಿದೆ: ತಟ್ಟೆಯ ಮೇಲೆ ಮೊದಲು 2011ರ ಮಾದರಿಯ ಒಂದು ರೂಪಾಯಿ ಇಡಿ. ಅದು 3.79 ಗ್ರಾಂ, 2019ರ ಮಾದರಿಯಾದರೆ 3.09. ಓದು ನಿಂತ ಮೇಲೆ ರೋಮನ್ ಕಾಸು ಸೇರಿಸಿ, ವ್ಯತ್ಯಾಸ ಬರೆದುಕೊಳ್ಳಿ. ಕಾಟಾ ಸರಿಯಿದೆಯೋ ಇಲ್ಲವೋ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ. ಫ್ಯಾನು ಆರಿಸಲೇಬೇಕು, ಗಾಳಿಗೆ ಕೊನೆಯ ಅಂಕಿ ಕುಣಿಯುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ಹೊರಗಿನಿಂದ ತಂದ ಕಾಟಾವನ್ನು ಕೋಣೆಯೊಳಗೆ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಸೊನ್ನೆ ಮಾಡಿ ತೂಗಿ. ಬ್ಯಾಟರಿ ಇಳಿದಾಗಲೂ ಅಂಕಿ ಜಾರುತ್ತದೆ.

ಹಗುರವಾದದ್ದೆಲ್ಲ ನಕಲು ಎನ್ನುವುದು ದೊಡ್ಡ ತಪ್ಪು. ನಮ್ಮ ಕಡೆಯ ಸಂಗ್ರಹಕಾರರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ನಾಲ್ಕನೇ ಶತಮಾನದ ಕೊನೆಯ ಚಕ್ರವರ್ತಿ ಥಿಯೋಡೋಸಿಯಸ್ ಮತ್ತು ಅವನ ಮಕ್ಕಳ ಕಾಲದ ‘ಸಾಲುಸ್ ರೇಪುಬ್ಲಿಕೇ’ (ರಾಜ್ಯದ ಕ್ಷೇಮ) ಎಂಬ ಬರಹದ ಕಾಸು ಸರ್ಕಾರಿಯದ್ದೇ ಆದರೂ ತೂಗುವುದು ಒಂದು ಗ್ರಾಂ ಆಸುಪಾಸು, ಅಗಲ 11–14 ಮಿ.ಮೀ. ಕರೂರು, ಮದುರೈ, ಶ್ರೀಲಂಕಾಗಳಲ್ಲಿ ಸಿಕ್ಕಿರುವ ರೋಮನ್ ಕಂಚಿನಲ್ಲಿ ಈ ಬಗೆಯ ಸಣ್ಣ ಕಾಸು ಬಹಳ. ಅವುಗಳನ್ನು ನೋಡಿ ಅಲ್ಲೇ ಮಾಡಿದ ನಕಲುಗಳೂ ಇವೆ. ತುಕ್ಕು ತಿಂದು ಹಗುರಾದ ಅಸಲಿಯೂ ಉಂಟು, ಪೂರ್ತಿ ತೂಕದ ನಕಲೂ ಉಂಟು.

ಆದ್ದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ನಕಲಿನಲ್ಲಿ ಅಕ್ಷರ ಬಾರದವನ ಕೈ ಕಾಣುತ್ತದೆ: ಬರಹ ಬರೀ ಕಡ್ಡಿಗಳ ಸಾಲು, ಕೆಲವು ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಚಕ್ರವರ್ತಿಯ ತಲೆಪಟ್ಟಿ ಚುಕ್ಕಿಗಳ ಗೆರೆ, ಕುದುರೆಯ ಕಾಲು ಕಡ್ಡಿ. ಒಬ್ಬ ರಾಜನ ಮುಖಕ್ಕೆ ಅವನ ಕಾಲದ್ದಲ್ಲದ ಹಿಂಬದಿ ಜೋಡಿಸಿದ್ದೂ ಸಿಗುತ್ತದೆ. ಆಮೇಲೆ ಅಕ್ಷ, ಅಂದರೆ ಎರಡೂ ಬದಿಯ ಚಿತ್ರಗಳು ಒಂದಕ್ಕೊಂದು ಯಾವ ದಿಕ್ಕಿಗಿವೆ ಎಂದು ನೋಡಿ. ಮುಖ ನೆಟ್ಟಗಿಟ್ಟು, ನೆತ್ತಿ ಮತ್ತು ಬುಡದ ಅಂಚುಗಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಸರ್ಕಾರಿ ಕಾಸಿನಲ್ಲಿ ಹಿಂಬದಿಯ ಚಿತ್ರ ಸಾಮಾನ್ಯವಾಗಿ ನೆಟ್ಟಗೆ ಅಥವಾ ಪೂರ್ತಿ ತಲೆಕೆಳಗೆ ನಿಲ್ಲುತ್ತದೆ. ನಕಲಿನಲ್ಲಿ ಗಡಿಯಾರದ ನಾಲ್ಕು, ಎಂಟು ಗಂಟೆಯ ಕಡೆಗೂ ವಾಲಿರಬಹುದು. ಯಾವುದೋ ಒಂದು ಗುರುತಿನಿಂದ ತೀರ್ಮಾನ ಬೇಡ. ಮೂರು ಗುರುತು ಒಟ್ಟಿಗೆ ಬಂದರೆ ಧೈರ್ಯವಾಗಿ ಹೇಳಬಹುದು.

ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ, ಮೈಮೇಲೆ ಗಾಳಿಗುಳ್ಳೆಯ ಕುಳಿ, ಸಾಬೂನಿನಂತೆ ಮೊಂಡಾದ ಅಕ್ಷರ ಕಂಡರೆ ಈಗಿನವರ ಅಚ್ಚೆರಕದ ಅನುಮಾನ ಪಡಿ. ಆ ಕಾಲದ ನಕಲಿಗೆ ಇತಿಹಾಸದ ಬೆಲೆಯಿದೆ, ಇದಕ್ಕೆ ಇಲ್ಲ. ಕಂಪ್ಯೂಟರಿಗೆ ಹಚ್ಚುವ ಯುಎಸ್‌ಬಿ ಸೂಕ್ಷ್ಮದರ್ಶಕವನ್ನು ಅಂಗಡಿಯವರು ಒತ್ತಾಯಿಸಿ ತೋರಿಸುತ್ತಾರೆ. ಫೋಟೋ ತೆಗೆಯಲು ಚೆನ್ನ, ಗುರುತಿಸಲು ಲೂಪ್‌ಗಿಂತ ಹೆಚ್ಚೇನೂ ಮಾಡದು. ಆ ದುಡ್ಡಿಗೆ ಕಾಸಿನ ಅಗಲ ಅಳೆಯುವ ವರ್ನಿಯರ್ ಕ್ಯಾಲಿಪರ್ ತನ್ನಿ.

ತೂಗುವ ಮೊದಲು ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತಿಕ್ಕಲೇಬೇಡಿ. ತಾಮ್ರದ ಚೊಂಬಿಗೆ ಅದು ಸರಿ. ಇಲ್ಲಿ ಅಕ್ಷರದ ಆಕಾರ ಉಳಿದಿರುವುದೇ ಆ ಹಸಿರು ಪದರದಲ್ಲಿ, ಹುಳಿ ಅದನ್ನೇ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ ದಿನಾ ನೀರು ಬದಲಿಸಿ, ಮಣ್ಣು ಸಡಿಲಾದ ಮೇಲೆ ಮೆತ್ತನೆಯ ಬ್ರಷ್ ಆಡಿಸಿ, ಪೂರ್ತಿ ಒಣಗಿಸಿ ತೂಗಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಒಂದು ರೂಪಾಯಿಯನ್ನು ತಟ್ಟೆಯ ನಡುವೆಯೂ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಓದು 0.02ಕ್ಕಿಂತ ಹೆಚ್ಚು ಹೊಯ್ದಾಡಿದರೆ ಬೇರೆ ಕೊಡಲು ಹೇಳಿ. ಸರಿಹೊಂದಿಸುವ 100 ಗ್ರಾಂ ತೂಕದ ಬಟ್ಟನ್ನೂ ಕೇಳಿ ತೆಗೆದುಕೊಳ್ಳಿ.